ಚನ್ನರಾಯಪಟ್ಟಣದ ಆ ಮೆಕ್ಯಾನಿಕ್ ಅಣ್ಣನಿಗೆ

ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸಿ, ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಎಡಚಕ್ರದಿಂದ ಕಿರ್ರೋ ಅನ್ನೋ ಸದ್ದು. ಇದರಲ್ಲಿ ಶಿರಾಡಿ ಘಾಟಿ ಇಳಿಯೋದು ಹೇಗಪ್ಪಾ ಅಂತ ಹೆದರಿ ಚನ್ನರಾಯಪಟ್ಟಣದಲ್ಲಿ ನಿಲ್ಲಿಸಿದೆ.

ನೀವು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಬಂದಿರಿ. ಮೊದಲು ಅಮ್ಮನಿಗೆ ನೆರಳಲ್ಲಿ ಸ್ಟೂಲ್ ಹಾಕಿದಿರಿ. ಚಕ್ರ ಬಿಚ್ಚಿ, ಬ್ರೇಕ್ ಆಯಿಲ್ ಹೋಸ್ ಮೇಲೆ ಭಾರ ಬೀಳಬಾರದು ಅಂತ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತೋ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿದಿರಿ. ನಾನು ಪ್ಯಾಡ್ ಹಿಡಿದಿಡೋ ಕ್ಲಿಪ್ ಸೊಟ್ಟಗೆ ಕೂರಿಸಿದ್ದೆ, ಕ್ಯಾಲಿಪರ್ ಜಾರೋ ಪಿನ್ನುಗಳೂ ಒಣಗಿದ್ದವು. ಕ್ಲಿಪ್ ಸರಿಮಾಡಿ, ತುಕ್ಕು ಉಜ್ಜಿ, ಪಿನ್ನುಗಳಿಗೆ ಗ್ರೀಸ್ ಹಚ್ಚಿ, ಪ್ಯಾಡಿನಲ್ಲಿ ಬೆನ್ನಿಗಷ್ಟೇ ತೆಳ್ಳಗೆ ಸವರಿದಿರಿ. "ಡಿಸ್ಕಿಗೆ ಚೂರೂ ತಾಗಬಾರದು ಸಾರ್" ಅಂದಿರಿ. ಹೊರಡೋ ಮೊದಲು ಪೆಡಲ್ ಗಟ್ಟಿಯಾಗೋವರೆಗೂ ನನ್ನಿಂದಲೇ ಒತ್ತಿಸಿದಿರಿ.

ಘಾಟಿಯ ತಿರುವುಗಳಲ್ಲಿ ಒಂದು ಸದ್ದೂ ಇರಲಿಲ್ಲ. ಅಮ್ಮ ನಿದ್ದೆಹೋಗಿದ್ದರು. ಹೆಸರು ಕೇಳೋದೇ ಮರೆತುಬಿಟ್ಟೆ. ತುಂಬಾ ಧನ್ಯವಾದ ಅಣ್ಣಾ.