ಸುಬೇದಾರರು ಆರು ತಿಂಗಳಲ್ಲಿ ತಯಾರಾಗುವುದಿಲ್ಲ

ಮಾನ್ಯರೇ,

ಯುದ್ಧ ಬಂದು ಸೇನಾಧಿಕಾರಿಗಳು ಸಾಲದಾದರೆ ತರಬೇತಿಯ ಅವಧಿ ಇಳಿಸಿದರಾಯಿತು ಎಂದು ಇದೇ ಅಂಕಣದಲ್ಲಿ ವಾಚಕರೊಬ್ಬರು ಬರೆದಿದ್ದಾರೆ. ಹಾಗೆ ಅವಧಿ ಇಳಿಸಿದಾಗ ತಯಾರಾದವರಲ್ಲಿ ನಾನೂ ಒಬ್ಬ. 1962ರ ಚೀನಾ ಯುದ್ಧದ ನಂತರ ಸೈನ್ಯವನ್ನು ಅವಸರದಲ್ಲಿ ಬೆಳೆಸಬೇಕಾಗಿತ್ತು. ಪುಣೆ, ಮದ್ರಾಸುಗಳಲ್ಲಿ ಹೊಸ ತರಬೇತಿ ಶಾಲೆ ತೆರೆದು, ನಮ್ಮಂಥ ಕಾಲೇಜು ಹುಡುಗರಿಗೆ ಸುಮಾರು ಆರು ತಿಂಗಳು ಕಲಿಸಿ ತುರ್ತು ಕಮಿಷನ್, ಅಂದರೆ ಅಧಿಕಾರಿ ಹುದ್ದೆ, ಕೊಟ್ಟರು. ಮೈಸೂರಿನ ಮಹಾರಾಜ ಕಾಲೇಜಿನಿಂದ ಹೋದ ನಾನು ಸೆಕೆಂಡ್ ಲೆಫ್ಟಿನೆಂಟ್ ಆಗಿ ಪ್ಲಟೂನಿನ, ಅಂದರೆ ಮೂವತ್ತು ಚಿಲ್ಲರೆ ಜವಾನರ ತುಕಡಿಯ, ಮುಂದೆ ನಿಂತೆ.

ಆ ಆರು ತಿಂಗಳು ಸಾಕಾಯಿತು, ನಿಜ. ಸಾಕಾದದ್ದು ಯಾಕೆ ಅಂದರೆ, ಉಳಿದದ್ದನ್ನು ಕಲಿಸಲು, ಜವಾನರಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಂಡಿದ್ದ ಸುಬೇದಾರ್ ಸಾಹೇಬರು ನಮ್ಮ ಕಂಪನಿಯಲ್ಲಿದ್ದರು. ಒಂದು ಎಲ್‌ಎಂಜಿಗೆ (ಹಗುರ ಮೆಷಿನ್‌ಗನ್ನಿಗೆ) ಎರಡು ಮೋರ್ಚಾ, ಅಂದರೆ ಅವಿತು ಗುಂಡು ಹಾರಿಸುವ ಗುಂಡಿ, ತೋಡಿಸಿಡಬೇಕು, ಒಂದೇ ಕಡೆಯಿಂದ ಹೊಡೆಯುತ್ತಿದ್ದರೆ ಶತ್ರುವಿನ ಮೋರ್ಟಾರ್ ಗುರಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟವರು ಅವರು. ನಡಿಗೆ ಮುಗಿದ ಮೇಲೆ ಜವಾನರ ಬೂಟು ಬಿಚ್ಚಿಸಿ ಪಾದ ನೋಡದೆ ಊಟಕ್ಕೆ ಕೂರಬಾರದು ಎಂದವರೂ ಅವರೇ. ಜವಾನರೆದುರು ನನ್ನನ್ನು ಎಂದೂ ತಿದ್ದಲಿಲ್ಲ. ರಾತ್ರಿ ಬಂಕರಿಗೆ ಬಂದು, ‘ಸಾಬ್, ಒಂದು ಮಾತು’ ಎನ್ನುತ್ತಿದ್ದರು. 1965ರ ಪಾಕಿಸ್ತಾನ ಯುದ್ಧದಲ್ಲಿ ಗುಂಡು ಹಾರತೊಡಗಿದಾಗ ನನ್ನ ಕೈಹಿಡಿದದ್ದು ಆ ಮಾತುಗಳು.

1962ರ ಅಕ್ಟೋಬರ್ 23ರಂದು ಈಗಿನ ಅರುಣಾಚಲದ ಬುಮ್ ಲಾ ಕಣಿವೆದಾರಿಯ ಬಳಿ ಒಂದು ಪ್ಲಟೂನನ್ನು ಕಡೆಯವರೆಗೂ ಹಿಡಿದು ನಿಲ್ಲಿಸಿದ್ದು ಸುಬೇದಾರ್ ಜೋಗಿಂದರ್ ಸಿಂಗ್. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಡೆದ ಅಬ್ದುಲ್ ಹಮೀದ್ ಸುಬೇದಾರರಿಗಿಂತ ಕೆಳಗಿನ ಹವಿಲ್ದಾರ್ ದರ್ಜೆಯವರು. ಇಬ್ಬರೂ ಪರಮವೀರ ಚಕ್ರ ಪಡೆದವರು, ಇಬ್ಬರ ಹಿಂದೆಯೂ ವರ್ಷಗಟ್ಟಲೆ ಸೇವೆ ಇತ್ತು. ಆ ಅನುಭವವನ್ನು ಯಾವ ತುರ್ತು ಶಾಲೆ ಕೊಟ್ಟೀತು?

ಹಾಗಾಗಿಯೇ ನನಗೆ ಆತಂಕ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಪ್ರಕಾರ ಜವಾನರನ್ನು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ, ಆ ನಂತರ ಸೈನ್ಯದಲ್ಲಿ ಉಳಿಯುವವರು ಗರಿಷ್ಠ ಶೇ 25ರಷ್ಟು ಮಂದಿ. ನಾಳೆಯ ನಾಯಕ್, ಹವಿಲ್ದಾರ್, ಸುಬೇದಾರರೆಲ್ಲ ಅಷ್ಟರಲ್ಲೇ ಬರಬೇಕು. ಕಾಲಾಳು ಪಡೆಗಾದರೂ ಈ ಪ್ರಮಾಣ ಹೆಚ್ಚಿಸಬೇಕು. ಆಯ್ಕೆಯಲ್ಲಿ ಓಟ, ಗುರಿಯ ಜೊತೆಗೆ ಇನ್ನೊಬ್ಬನಿಗೆ ಕಲಿಸುವ ಶಕ್ತಿಗೂ ಅಂಕ ಕೊಡಬೇಕು.

ಇನ್ನೊಂದು ವಿಷಯ. ಮಂಡ್ಯ, ಮೈಸೂರು ಸೀಮೆಯಲ್ಲಿ ಐವತ್ತು ದಾಟದ ನಿವೃತ್ತ ಸುಬೇದಾರರು ಬ್ಯಾಂಕು, ಕಾರ್ಖಾನೆಗಳ ಗೇಟು ಕಾಯುತ್ತಿದ್ದಾರೆ. ತುರ್ತು ಬಂದರೆ ತರಬೇತಿ ಕೇಂದ್ರಗಳಿಗೆ ಕರೆಸಿಕೊಳ್ಳಲು, ಕಲಿಸಬಲ್ಲವರ ಪಟ್ಟಿಯನ್ನು ಸೈನಿಕ ಕಲ್ಯಾಣ ಇಲಾಖೆ ಜಿಲ್ಲಾವಾರು ಈಗಲೇ ಸಿದ್ಧಪಡಿಸಲಿ.

– ಮಾಜಿ ತುರ್ತು ಕಮಿಷನ್ ಅಧಿಕಾರಿ, ಸರಸ್ವತಿಪುರಂ, ಮೈಸೂರು