ಕಪ್ಪಾಗೋ ಮೊದಲು: ಮಗಳಿಗೊಂದು ಪತ್ರ

ಬೀದರ

ಅವ್ವಾ,

ಅರ್ಧಕ್ಕಿರೋ ತಾಟಿನ ಫೋಟೋ ಇನ್‌ಸ್ಟಾಗ್ರಾಂಗೆ ಹಾಕ್ಲೋ ಬ್ಯಾಡೋ ಅಂತ ಕೇಳಿದಿ. ಹಾಕು. ಮುಗಿಯದ್ದು ನೋಡಿ ಮಂದಿ ಏನಂತಾರೋ ಅನ್ನೋ ನಿನ್ನ ಅಂಜಿಕಿ ಸುಳ್ಳಲ್ಲ, ಸತುವಿನ ಎರಕದಾಗ ಬೆಳ್ಳಿ ತಂತಿ ಕೂಡಿಸೋ ನಮ್ಮ ಬಿದರಿ ಕೆಲಸ ಮುಗಿಯೋ ತನಕ ಬಿದರಿ ಹಂಗ ಕಾಣೋದೇ ಇಲ್ಲ.

ಅರ ಹೊಡೆದು ನುಣುಪು ಮಾಡಿದ ಎರಕಕ್ಕ ಮೈಲುತುತ್ತದ ನೀರು ಸವರಿದಾಗ ಫೋಟೋ ಭಾಳ ಛಲೋ ಬರ್ತದ: ಮೈ ಕಪ್ಪು, ನೀ ಗೀರಿದ ಬಳ್ಳಿ ಬೆಳ್ಳಗ. ಕದಿಯೋರಿಗೂ ಅದೇ ಛಲೋ. ಮ್ಯಾಲಿಂದ ನೇರ ತೆಗೆದ ಫೋಟೋದಿಂದ ನಕ್ಷೆ ಹಂಗೇ ಇಳಿಸ್ಕೋಬಹುದು. ಓರಿಯಾಗಿ ಹಿಡಿದು ಅಂಚಷ್ಟೇ ತೆಗಿ.

ಬೆಳ್ಳಿ ತಂತಿ ಕೂಡಿಸಿ ಮತ್ತ ಅರ ಹೊಡೆದರ ಆ ಕಪ್ಪು ಹೋಗ್ತದ. ಎರಕದಾಗ ನೂರಕ್ಕ 90ಕ್ಕಿಂತ ಹೆಚ್ಚು ಸತುವು, ಉಳಿದದ್ದು ತಾಮ್ರ. ಅದರ ಬೂದು ಬಣ್ಣದಾಗ ಬೆಳ್ಳಿ ಅಡಗಿಬಿಡ್ತದ. ಈಗ ಹಾಕಿದರ "ಅಲ್ಯೂಮಿನಿಯಂ ತಾಟೇನ್ರಿ?" ಅಂತಾರ. ಅವರದೇನು ತಪ್ಪಿಲ್ಲ, ಕ್ಯಾಮೆರಾಕ್ಕೂ ಕಾಣಂಗಿಲ್ಲ. ಮುಗಿದ ಕರಿ ತಾಟೊಂದು ಪಕ್ಕಕ್ಕಿಟ್ಟು ತೆಗಿ.

ಆದರ ಸಲಹೆ ಕೇಳಾಕ ಇದೇ ಸರಿಯಾದ ಹೊತ್ತು. ಗೀರು ಆಳ ಸಾಲದಿದ್ದರ ತಂತಿ ತಿರುವಿನಾಗ ಏಳ್ತದ. ಈಗಾದರ ಆ ತುಣುಕು ಕಿತ್ತು, ಗೀರು ಉಳಿಯಿಂದ ಆಳ ಮಾಡಿ ಮತ್ತ ಬಡಿಬಹುದು. ಕಡೀಗೆ ಬೀದರ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಚ್ಚಿ ಕಪ್ಪು ಮಾಡಿದ ಮ್ಯಾಲೆ ತಿದ್ದಬೇಕಂದ್ರ ಆ ಕಪ್ಪೂ ಕೆಡ್ತದ. ಉಳಿ ಹಿಡಿಯೋ ಇಬ್ಬರಿಗೆ ವಾಟ್ಸಾಪ್‌ನಾಗ ಕಳಿಸು, ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ. ಇಲ್ಲಾಂದ್ರ ಕೂದಲೆಳಿಯಷ್ಟು ಸಂದು ಮಸಕಾಗ್ತದ. "ಹೆಂಗದ?" ಅಂತ ಕೇಳಬ್ಯಾಡ, "ಸೂಪರ್" ಅಂತ ಬರ್ತದ, ಅದ್ರಿಂದ ತಂತಿ ಕೂಡಂಗಿಲ್ಲ. "ಎಡಗಡಿ ಮೂರನೇ ಎಲಿ ತುದಿಗೆ ತಂತಿ ಎದ್ದದೇನು?" ಅಂತ ಕೇಳು.

ಇನ್ನೊಂದು. ಬಿದರಿಗೆ 2006ರಾಗ ಜಿಐ, ಅಂದ್ರ ಊರಿನ ಹೆಸರಿಗೆ ಕೊಡೋ ಭೌಗೋಳಿಕ ಗುರುತು, ಸಿಕ್ಕದ, ಖರೆ. ಅದು ಬಿದರಿ ಅನ್ನೋ ಹೆಸರು ಕಾಯ್ತದ, ನಿನ್ನ ಬಳ್ಳಿ ಕಾಯಂಗಿಲ್ಲ. ಹೊಸ ವಿನ್ಯಾಸ ಅಂದ್ರ 2000ದ ಡಿಸೈನ್ಸ್ ಕಾಯ್ದೆಯಾಗ ನೋಂದಣಿ ಮಾಡಿಸಬಹುದು. 10 ವರ್ಷ, ಮತ್ತ 5 ವರ್ಷ ಮುಂದುವರಿಸಬಹುದು. ಆದರ ಅರ್ಜಿಗಿಂತ ಮೊದಲೇ ಮಂದಿಗೆ ಬಹಿರಂಗವಾಗಿ ತೋರಿಸಿದ್ದಕ್ಕ ನೋಂದಣಿ ಆಗಂಗಿಲ್ಲ. ನೀನೇ ಹಾಕಿದ ಫೋಟೋನೂ ತೋರಿಸಿದಂಗೇ. ಈ ಬಳ್ಳಿ ನೋಂದಣಿ ಮಾಡಿಸೋದಿದ್ದರ ಅರ್ಜಿ ಹಾಕೋ ತನಕ ಅಂಚು ಸೈತ ಬ್ಯಾಡ. ನಿನ್ನ ಕೈ, ಉಳಿ, ತಂತಿ ಸುರುಳಿ ಅಷ್ಟೇ ಹಾಕು.

ಮೂರನೇ ಎಲಿ ಫೋಟೋ ಇವತ್ತೇ ನನಗ ಕಳಿಸು. ಕಿಡಕಿ ಬೆಳಕಿನಾಗ ತೆಗಿ, ಫ್ಲ್ಯಾಶ್ ಹಾಕಬ್ಯಾಡ.

ನಿನ್ನ ಅಪ್ಪ