ಬಳ್ಳಾರಿಗೆ ಹೊರಟ ಮಗಳಿಗೊಂದು ಪತ್ರ

ಕುಷ್ಟಗಿ

ಮಗಳೇ,

ಇತ್ತ ಎಲ್ಲರೂ ಆರಾಮ ಇದ್ದೇವೆ. ನಿಮ್ಮಪ್ಪ ನಿನ್ನ ಆದೇಶ ಪತ್ರದ ಝೆರಾಕ್ಸ್ ತೆಗೆಸಿ ಓಣಿಗೆಲ್ಲ ತೋರಿಸಿಕೊಂಡು ಬಂದರು. ಎಂಟು ವರ್ಷ ಹಳ್ಳಿ ಶಾಲೆಯಲ್ಲಿ ಕಲಿಸಿ, ರಾತ್ರಿ ಕುಂತು ಓದಿ ಕಾಲೇಜಿನಲ್ಲಿ ಕಲಿಸುವ ಅರ್ಹತೆಯ ಕೆ-ಸೆಟ್ ಪರೀಕ್ಷೆ ಪಾಸಾಗಿ, ಈಗ ಬಿ.ಎಡ್. ಕಾಲೇಜಿಗೆ ಕಲಿಸಲು ಹೊರಟಿದ್ದೀ. ನಾನು ಟಿಸಿಎಚ್ ಶಿಕ್ಷಕ ತರಬೇತಿ ಮುಗಿಸಿ ನೌಕರಿಗೆ ಸೇರಿದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಬಳ್ಳಾರಿಗೆ ವಿಶ್ವವಿದ್ಯಾಲಯ ಬಂದದ್ದೇ 2010ರಲ್ಲಿ. ನಮ್ಮ ಕಾಲಕ್ಕೆ ಆ ಮಾತೆಲ್ಲ ಕಲಬುರಗಿಯದು.

ಸುತ್ತಲಿನ ಶಾಲೆಗಳಿಗೆ ನೆರವಾಗುವ ಸಿಆರ್‌ಪಿ ಆಗಿ ಟಂಟಂ ಹತ್ತಿ ಶಾಲೆ ಶಾಲೆ ತಿರುಗಿದ ಕಥೆ ನಿನಗೆ ಬಾಯಿಪಾಠ. ಹೇಳದೇ ಉಳಿದದ್ದು ಬೇರೆ ಇದೆ.

2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು, ಮರುವರ್ಷ ಬಿಸಿಯೂಟದ ಅಕ್ಷರ ದಾಸೋಹ. ಮುಂದೆ ನಾನು ಮುಖ್ಯೋಪಾಧ್ಯಾಯಿನಿ ಆದಾಗ ಅಕ್ಕಿ ಲೆಕ್ಕ, ಎಣ್ಣೆ ಲೆಕ್ಕ, ಅದರ ಮೇಲೆ ಸಮಿತಿಯ ಕಾರ್ಯದರ್ಶಿ ಕೆಲಸ. ಸುಗ್ಗಿ ಮುಗಿದರೆ ಅರ್ಧ ಊರು ಬೆಂಗಳೂರಿಗೆ ಗುಳೆ. ಸಭೆಗೆ ಬರುವವರು ಯಾರು? ನಾನೇ ಠರಾವು ಬರೆದು, ಏಳನೇತ್ತೆ ಹುಡುಗನ ಕೈಗೆ ಪುಸ್ತಕ, ಸ್ಟ್ಯಾಂಪ್ ಪ್ಯಾಡ್ ಕೊಟ್ಟು ಮನೆಮನೆಗೆ ಕಳಿಸುತ್ತಿದ್ದೆ. ಸಂಜೆಗೆ ಸಭೆ ಮುಗಿದಿರುತ್ತಿತ್ತು!

ಒಂದಿನ ಸದಸ್ಯೆಯೊಬ್ಬಳು ಆ ಪುಸ್ತಕ ಎದೆಗವಚಿಕೊಂಡು ಶಾಲೆಗೇ ಬಂದಳು. ಕೈತುಂಬ ಹತ್ತಿ ಬಿಡಿಸಿದ ಗೀರು.

"ಅಕ್ಕೋರ, ನನ್ನ ಹೆಬ್ಬಟ್ಟಿನ ಮ್ಯಾಲೆ ಏನ್ ಬರದೀರಿ, ಓದ್ರಿ."

ಓದಿದೆ. ಕಂಪೌಂಡಿಗೆ ಸುಣ್ಣ ಹಚ್ಚುವ ಠರಾವು.

"ಪಾಯಖಾನಿಗೆ ನೀರಿಲ್ಲ. ಹುಡುಗ್ಯಾರು ಮಧ್ಯಾಹ್ನ ಮನಿಗೆ ಬರ್ತಾರ, ಹೊಳ್ಳಿ ಶಾಲಿಗೆ ಬರಂಗಿಲ್ಲ. ಸುಣ್ಣ ಯಾಕ್ರಿ?"

ಮಧ್ಯಾಹ್ನ ಹುಡುಗಿಯರ ಹಾಜರಿ ಯಾಕೆ ಇಳಿಯುತ್ತದೆ ಎಂದು ಮೇಲಿನವರು ಕೇಳಿದಾಗೆಲ್ಲ ನಾನು ಬರೆದದ್ದು "ಪಾಲಕರ ನಿರಾಸಕ್ತಿ". ಮೂರು ವರ್ಷ ಅದೇ ಎರಡು ಶಬ್ದ. ಅವತ್ತು ಸುಣ್ಣದ ಠರಾವಿಗೆ ಗೀಟು ಹೊಡೆದು ಕೆಳಗೆ ನೀರಿಂದು ಬರೆದೆ. ಮತ್ತೊಮ್ಮೆ ಓದಿಸಿಕೊಂಡೇ ಆಕೆ ಹೆಬ್ಬೆರಳು ಒತ್ತಿದ್ದು. ನನ್ನ ಅಕ್ಷರದ ಮೇಲೂ ಮಸಿ ಬಿತ್ತು.

ನಿಮ್ಮ ಶಾಲೆಯಲ್ಲೂ ಪುಸ್ತಕ ಮನೆಮನೆ ತಿರುಗಿರಬಹುದು. ಕೇಳುವುದಿಲ್ಲ ಬಿಡು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಹೆಣ್ಣುಮಕ್ಕಳು ಇರಬೇಕು. ನಿನ್ನ ಕಾಲೇಜಿನಲ್ಲಿ ಅದು ಎರಡು ಅಂಕದ ಪ್ರಶ್ನೆ ಆಗುತ್ತದೆ, ನನಗೆ ಗೊತ್ತು. ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕಲ್ಲ, ಅದರೊಳಗೆ ಒಂದು ಎಸ್‌ಡಿಎಂಸಿ ಸಭೆಗೆ ಹುಡುಗರನ್ನು ಕಳಿಸು. ಹಿಂದೆ ಚಾಪೆ ಮೇಲೆ ಕೂರಲಿ, ಬಾಯಿ ತೆರೆಯದೆ. ಪಾಠಯೋಜನೆ ತಿದ್ದುವ ಜನ ಬೇಕಷ್ಟು ಸಿಗುತ್ತಾರೆ, ಇದನ್ನು ತೋರಿಸುವವರಿಲ್ಲ.

ಮೊಮ್ಮಗನನ್ನು ಅಲ್ಲಿ ಸರ್ಕಾರಿ ಶಾಲೆಗೇ ಹಾಕುತ್ತೇನೆ ಅಂದಿದ್ದೀ. ಅಳಿಯಂದಿರ ಮುಖ ನೆನೆದು ನಗು ಬಂತು. ಹಾಕಿದರೆ ಸಮಿತಿಗೂ ನಿಲ್ಲು, ಪಾಲಕಳಾಗಿ. ಪ್ರೊಫೆಸರ್ ಅಂತ ಮೊದಲ ದಿನವೇ ಹೇಳಿಕೊಂಡೆಯೋ, ಉಳಿದ ಹೆಂಗಸರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಸಹಿ ಮಾಡುವ ಮುಂಚೆ ಠರಾವು ಗಟ್ಟಿಯಾಗಿ ಓದಲಿ ಅನ್ನು, ಸಾಕು. ಹೆಡ್‌ಮಾಸ್ತರಿಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು.

ಐತವಾರ ನಿಮ್ಮಪ್ಪನ ಕೈಯಲ್ಲಿ ಕಟಕ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತೇನೆ. ಹೋದ ಸಲದ ಸ್ಟೀಲ್ ಡಬ್ಬಿ ಇನ್ನೂ ಬಂದಿಲ್ಲ.

ನಿನ್ನವ್ವ